ಜಗನ್ಮೋಹನ ಅರಮನೆಯ ಚಿತ್ರಶಾಲೆ



ಮೈಸೂರಿಗೆ ಬಂದ ನೆಂಟರನ್ನು ಊರು ತೋರಿಸಲು ಕರೆದುಕೊಂಡು ಹೊರಡುವ ಕ್ರಮ ನಿಮಗೆಲ್ಲ ತಿಳಿದದ್ದೇ. ಬೆಳಗ್ಗೆ ಚಾಮುಂಡಿಬೆಟ್ಟ, ಇಳಿದು ಬಂದ ಮೇಲೆ ದೊಡ್ಡ ಅರಮನೆ, ಊಟವಾದ ಬಳಿಕ ಮೃಗಾಲಯ, ಸಂಜೆಗೆ ಕನ್ನಂಬಾಡಿಯ ಬೃಂದಾವನ. ಇವೆಲ್ಲದರ ನಡುವೆ ಒಂದರ್ಧ ಗಂಟೆ ಮಿಕ್ಕಿತೆಂದರೆ, “ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವೊಂದಿದೆ, ಅದನ್ನೂ ನೋಡಿಕೊಂಡು ಹೋಗೋಣ” ಎನ್ನುತ್ತೇವೆ. ಹೋಗುತ್ತೇವೆ, ಮೂರು ಅಂತಸ್ತುಗಳನ್ನು ಹತ್ತಿ ಇಳಿಯುತ್ತೇವೆ, ದೀಪದ ಚಿತ್ರದ ಮುಂದೆ ಒಂದು ನಿಮಿಷ ನಿಲ್ಲುತ್ತೇವೆ, ಹಿಂದಿರುಗುತ್ತೇವೆ. ನಗರದ ಚಿತ್ರಶಾಲೆಗೆ ನಾವು ಸಲ್ಲಿಸುತ್ತ ಬಂದಿರುವ ಮರ್ಯಾದೆ ಇಷ್ಟೆ. ಮಿಕ್ಕ ಹೊತ್ತಿನ ಮರ್ಯಾದೆ. ಇದು ಸಾಲದು ಎಂಬುದನ್ನು ಈ ಹೊತ್ತು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. ನಾನು ಚರಿತ್ರೆಯ ಅಧ್ಯಾಪಕ. ಹಲವು ವರ್ಷಗಳ ಕಾಲ, ರವಿವರ್ಮನ ವಿಷಯವನ್ನು ತರಗತಿಯಲ್ಲಿ ಹೇಳುವಾಗ, ಆ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಉದಾಹರಣೆಯಾಗಿ ಕೊಡುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸಾರ್, ತಪ್ಪು ತಿಳಿಯಬೇಡಿ. ಅದು ರವಿವರ್ಮರದಲ್ಲ. ಅದು ಎಣ್ಣೆಬಣ್ಣವೂ ಅಲ್ಲ, ನೀರುಬಣ್ಣ. ಹಳದಣಕರ್ ಅನ್ನುವವರು ಬರೆದದ್ದು” ಎಂದ. ನಿನಗೆ ಹೇಗೆ ಗೊತ್ತಪ್ಪ ಎಂದು ಕೇಳಿದೆ. ಆತನ ತಂದೆ ಅಂಗಡಿಗಳ ಬೋರ್ಡು ಬರೆಯುವವರಂತೆ. ಮಗನನ್ನು ಚಿಕ್ಕಂದಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ, ನೀರುಬಣ್ಣದಲ್ಲಿ ಇಷ್ಟು ಬೆಳಕು ತರುವುದು ಎಷ್ಟು ಕಷ್ಟವೆಂದು ತೋರಿಸಿದ್ದರಂತೆ. ನಾನು ಆ ಚಿತ್ರವನ್ನು ಬಾಲ್ಯದಿಂದ ಹತ್ತಾರು ಸಲ ನೋಡಿದ್ದೆ. ಆದರೆ ನೋಡಿದ್ದೆನೆಂದು ಹೇಗೆ ಹೇಳಲಿ? ರವಿವರ್ಮನು ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಸಿದ್ಧವಾದದ್ದು 1945–46ರ ಸುಮಾರಿಗೆ. ನಡುವೆ ನಲವತ್ತು ವರ್ಷ! ಇಸವಿಗಳನ್ನು ಲೆಕ್ಕ ಹಾಕುವುದೇ ಕಸುಬಾದವನು ಈ ಲೆಕ್ಕವನ್ನು ಹಾಕಿರಲಿಲ್ಲ. ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ಕಂಡೆನೆಂದು ತಿಳಿದಿದ್ದೆ. ಅಂದಿನಿಂದ ಆ ಚಿತ್ರಶಾಲೆಗೆ ವಿದ್ಯಾರ್ಥಿಯಾಗಿ ಹೋಗತೊಡಗಿದೆ.

ಇನ್ನು ಕಟ್ಟಡದ ಚರಿತ್ರೆಗೆ ಬರೋಣ. ಜಗನ್ಮೋಹನ ಅರಮನೆಯು ಪೂರ್ಣವಾದದ್ದು 1861ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ. ಆ ಮಹಾರಾಜರ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1799ರಲ್ಲಿ, ಐದು ವರ್ಷದ ಬಾಲಕರಾಗಿದ್ದಾಗ, ಅವರಿಗೆ ಪಟ್ಟವಾಯಿತು. 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ಕಾಲವಾಗುವವರೆಗೆ ಅವರು ರಾಜ್ಯವಿಲ್ಲದ ರಾಜರು. ಆಳುವ ಅಧಿಕಾರ ಹೋದ ಮೇಲೆ ಉಳಿದದ್ದು ವಿದ್ಯೆಯನ್ನೂ ಕಲೆಯನ್ನೂ ಪೋಷಿಸುವ ಅಧಿಕಾರವೊಂದೇ. ಅದನ್ನು ಅವರು ಚೆನ್ನಾಗಿ ನಡೆಸಿದರು. ಪಂಡಿತರೂ ಸಂಗೀತಗಾರರೂ ಚಿತ್ರಗಾರರೂ ಅವರ ಆಶ್ರಯದಲ್ಲಿ ಬಾಳಿದರು. ದೇವತಾಮೂರ್ತಿಗಳ ಲಕ್ಷಣ ಮೊದಲಾದ ವಿಷಯಗಳನ್ನು ಒಂಬತ್ತು ನಿಧಿಗಳಾಗಿ ವಿಂಗಡಿಸಿ, ಚಿತ್ರಗಳೊಡನೆ ಸಂಗ್ರಹಿಸಿದ ‘ಶ್ರೀತತ್ತ್ವನಿಧಿ’ ಅವರ ಆಸ್ಥಾನದ ಗ್ರಂಥ. ಕತ್ತಿಯ ಬಲ ಕುಗ್ಗಿದ ಕಾಲದಲ್ಲಿ ಮೈಸೂರಿನಲ್ಲಿ ಕುಂಚದ ಬಲ ಹೆಚ್ಚಿತು.

ಈ ಕಟ್ಟಡದ ಮೇಲಂತಸ್ತಿನ ಗೋಡೆಗಳ ಮೇಲೆ ಆ ಕಾಲದ ಚಿತ್ರಗಾರರ ಕೈಕೆಲಸವಿದೆ. ದಸರೆಯ ಮೆರವಣಿಗೆ ಅಲ್ಲಿ ಗೋಡೆಯುದ್ದಕ್ಕೂ ಸಾಗುತ್ತದೆ. ಒಡೆಯರ ವಂಶಾವಳಿಯನ್ನು ಅರಳಿದ ತಾವರೆಯ ಎಸಳುಗಳಲ್ಲಿ ಬಿಡಿಸಿದ ‘ಸಂತಾನಾಂಬುಜ’ವೂ ಇದೆ. ವಂಶವೃಕ್ಷವೆನ್ನುವುದು ಎಲ್ಲ ದೇಶಗಳಲ್ಲೂ ಉಂಟು. ವಂಶವನ್ನು ಕಮಲವಾಗಿ ಕಂಡವರು ನಮ್ಮ ಚಿತ್ರಗಾರರು.

ಮೈಸೂರು ಸಂಪ್ರದಾಯದ ಚಿತ್ರಗಳೆಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹುಣಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಲಿನಿಂದ ಮೊದಲು ರೇಖೆ. ಆಮೇಲೆ ಆಭರಣ, ಸಿಂಹಾಸನ, ಸೀರೆಯ ಅಂಚು ಇವುಗಳ ಜಾಗದಲ್ಲಿ, ಸಫೇದದ ಪುಡಿ ಅಂಟು ಮೊದಲಾದುವನ್ನು ನುಣ್ಣಗೆ ಅರೆದ ಲೇಪದಿಂದ ತೆಳುವಾದ ಉಬ್ಬು. ಆ ಉಬ್ಬಿನ ಮೇಲೆ ಅಪ್ಪಟ ಚಿನ್ನದ ರೇಕು. ಗಿಡಮೂಲಿಕೆ, ಖನಿಜಗಳಿಂದ ತೆಗೆದ ಬಣ್ಣ. ಅಳಿಲಿನ ಬಾಲದ ಕೂದಲಿನ ಕುಂಚ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಚಿನ್ನ ಧಾರಾಳ, ಗಾಜಿನ ಹರಳುಗಳೂ ಉಂಟು. ಮೈಸೂರಿನದು ತೆಳುವಾದ ಉಬ್ಬು, ಸೂಕ್ಷ್ಮವಾದ ರೇಖೆ. ಇಲ್ಲಿಯ ದೇವತೆಗಳಿಗೆ ನೆರಳು ಬೀಳುವುದಿಲ್ಲ. ಬೆಳಕು ಎಲ್ಲಿಂದಲೋ ಬಂದು ಅವರ ಮೇಲೆ ಬೀಳುವುದಲ್ಲ, ಅವರೇ ಬೆಳಕು. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ, ಮುಂದೆ ಬೇಕಾಗುತ್ತದೆ.

1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ, ಕೋಟೆಯೊಳಗಣ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ರಾಜಕುಟುಂಬ ಜಗನ್ಮೋಹನ ಅರಮನೆಯನ್ನು ಆಶ್ರಯಿಸಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿಯ ನಕ್ಷೆಯಂತೆ ಹೊಸ ಅರಮನೆ 1912ರಲ್ಲಿ ಸಿದ್ಧವಾಗುವವರೆಗೆ ಹದಿನೈದು ವರ್ಷ, ಪರ್ಯಾಯದ ಮನೆಯೇ ಮುಖ್ಯದ ಮನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ವಿವಾಹ 1900ರಲ್ಲಿ ನಡೆದದ್ದು ಇಲ್ಲಿಯ ಮುಂಭಾಗದ ಮಂಟಪದಲ್ಲಿ. 1902ರ ಆಗಸ್ಟ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ನರ ಸಮಕ್ಷಮದಲ್ಲಿ ಅವರಿಗೆ ರಾಜ್ಯಾಧಿಕಾರ ಬಂದದ್ದೂ ಇಲ್ಲಿಯೇ. ಮುಂದೆ ನಮ್ಮ ವಿಶ್ವವಿದ್ಯಾನಿಲಯದ ಮೊದಮೊದಲಿನ ಘಟಿಕೋತ್ಸವಗಳು ನಡೆದದ್ದೂ ಇದೇ ಸಭಾಂಗಣದಲ್ಲಿ. ಮದುವೆಯ ಮಂಟಪ, ಪಟ್ಟದ ಮಂಟಪ, ವಿದ್ಯೆಯ ಮಂಟಪ, ಇಷ್ಟೂ ಒಂದೇ ಸೂರಿನಡಿಯಲ್ಲಿ!

1912ರಲ್ಲಿ ರಾಜಕುಟುಂಬ ಹೊಸ ಅರಮನೆಗೆ ಹೋದ ಮೇಲೆ ಈ ಕಟ್ಟಡ ತೆರವಾಯಿತು. 1915ರಲ್ಲಿ ಇದು ಚಿತ್ರಶಾಲೆಯಾಯಿತು. ಅರಸರ ಮನೆಯಲ್ಲಿ ಚಿತ್ರಶಾಲೆಯಿರುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ ಸೀತಾರಾಮಲಕ್ಷ್ಮಣರು ತಮ್ಮ ಬಾಳಿನ ಕಥೆಯನ್ನೇ ಚಿತ್ರಗಳಲ್ಲಿ ನೋಡುತ್ತ, ಕಳೆದುಹೋದ ದುಃಖವನ್ನು ಮತ್ತೊಮ್ಮೆ ಅನುಭವಿಸುವುದನ್ನು ಸಂಸ್ಕೃತವನ್ನು ಓದಿದ ಶ್ರೋತೃಗಳು ಬಲ್ಲರು. ಆದರೆ ಆ ಚಿತ್ರಗಳು ಅಂತಃಪುರದವರಿಗೆ. ಬೀದಿಯಲ್ಲಿ ಹೋಗುವವನು ಒಳಗೆ ಬಂದು, ಅರಸನು ನೋಡಿದ ಚಿತ್ರವನ್ನು ತಾನೂ ನೋಡಬಹುದು ಎಂಬ ಏರ್ಪಾಡು ಮಾತ್ರ ಹೊಸದು. ಸಾರ್ವಜನಿಕ ಚಿತ್ರಶಾಲೆಯ ನಿಜವಾದ ಹೊಸತನ ಗೋಡೆಯಲ್ಲಿಲ್ಲ, ಬಾಗಿಲಿನಲ್ಲಿದೆ.

ಒಳಗಿನ ಸಂಗ್ರಹದಲ್ಲಿ ಮೊದಲು ಹೆಸರಿಸಬೇಕಾದದ್ದು ರವಿವರ್ಮನ ಕೃತಿಗಳನ್ನು. ತಿರುವಾಂಕೂರಿನ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ಈತನಿಗೆ ಮೈಸೂರಿನ ಸಂಬಂಧ ಎರಡು ತಲೆಮಾರಿನದು. ಹತ್ತನೆಯ ಚಾಮರಾಜೇಂದ್ರ ಒಡೆಯರವರ ಆಹ್ವಾನದ ಮೇಲೆ 1885ರಲ್ಲಿ ಇಲ್ಲಿಗೆ ಬಂದನು. 1889ರಲ್ಲಿ ಬರೆದ ಗಾಯಕಿಯರ ಸಮೂಹದ ಚಿತ್ರ ಈ ಚಿತ್ರಶಾಲೆಯ ಹೆಮ್ಮೆಗಳಲ್ಲೊಂದು. ಹನ್ನೊಂದು ಮಂದಿ ಸ್ತ್ರೀಯರು. ಒಬ್ಬೊಬ್ಬಳೂ ಒಂದೊಂದು ಪ್ರಾಂತ್ಯದ, ಒಂದೊಂದು ಸಮುದಾಯದ ಉಡುಗೆಯಲ್ಲಿದ್ದಾಳೆ. ಕಾಂಗ್ರೆಸ್ಸು ಹುಟ್ಟಿ ಆಗ ನಾಲ್ಕು ವರ್ಷ. ಭಾರತವೆಂಬುದು ರಾಜಕೀಯವಾಗಿ ಒಂದು ದೇಶವಾಗಲು ಇನ್ನೂ ಐವತ್ತೆಂಟು ವರ್ಷವಿದೆ. ಅಷ್ಟರಲ್ಲಿಯೇ ಒಬ್ಬ ಚಿತ್ರಗಾರನು, ಒಂದು ದೇಶೀ ಸಂಸ್ಥಾನದ ಅರಸನಿಗಾಗಿ, ಇಡೀ ದೇಶವನ್ನು ಒಂದೇ ಜಮಖಾನೆಯ ಮೇಲೆ ಸಂಗೀತಕ್ಕೆ ಕೂಡಿಸಿದ್ದಾನೆ.

ತಂದೆಯವರ ಕಾಲದ ಈ ನಂಟನ್ನು ನಾಲ್ವಡಿಯವರು ಮುಂದುವರಿಸಿದರು. ಹೊಸ ಅರಮನೆಗಾಗಿ ಪುರಾಣ ವಿಷಯದ ಚಿತ್ರಗಳನ್ನು ಬರೆದುಕೊಡಬೇಕೆಂದು ಕೇಳಿಕೊಂಡರು. ರವಿವರ್ಮನ ಬಾಳಿನ ಕೊನೆಯ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಆತನ ಕೆಲಸದಲ್ಲಿ ಬಲಗೈಯಾಗಿದ್ದ ತಮ್ಮ ರಾಜರಾಜವರ್ಮ 1905ರಲ್ಲಿ ತೀರಿಹೋದನು. ಮರುವರ್ಷ ಅಣ್ಣನೂ ಹೋದನು. ಆ ದುಃಖದ ಕಾಲದ ಚಿತ್ರಗಳೇ ಇಂದ್ರಜಿತುವಿನ ವಿಜಯ, ಸಮುದ್ರರಾಜನ ಗರ್ವಭಂಗ, ಶ್ರೀಕೃಷ್ಣನ ರಾಯಭಾರ ಮೊದಲಾದುವು. ಕುಮಾರವ್ಯಾಸನ ಉದ್ಯೋಗಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದವರು ರಾಯಭಾರದ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಭೆಯೆಲ್ಲ ಕದಡಿಹೋಗಿರುವಾಗ ಕುಳಿತಲ್ಲೇ ಕುಳಿತಿರುವ ಕೃಷ್ಣನ ನೆಮ್ಮದಿ ಅಲ್ಲಿ ಎಷ್ಟು ಚೆನ್ನಾಗಿ ಬಂದಿದೆ!

1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಆತನ ದೇವತೆಗಳು ಮನೆಮನೆಯ ಗೋಡೆಗೂ ಬಂದರು. ನಮ್ಮ ಅಜ್ಜಿಯರು ಅರಿಸಿನ ಕುಂಕುಮವಿಟ್ಟ ಲಕ್ಷ್ಮೀ ಸರಸ್ವತಿಯರ ಮುಖ ಆತನು ಕಲ್ಪಿಸಿದ್ದು. ಇದರಿಂದಲೇ ನನ್ನಂಥವರ ತಪ್ಪಿಗೂ ದಾರಿಯಾಯಿತು. ಒಂದು ಹೆಸರು ಅಷ್ಟು ದೊಡ್ಡದಾಗಿ ಬೆಳೆದರೆ, ಸೊಗಸಾಗಿ ಸೀರೆಯುಟ್ಟ ಯಾವ ಹೆಂಗಸಿನ ಚಿತ್ರವಾದರೂ ಆ ಹೆಸರಿನ ಖಾತೆಗೇ ಜಮೆಯಾಗುತ್ತದೆ.

ಆದರೆ ರವಿವರ್ಮನ ಕಲೆಯನ್ನು ಎಲ್ಲರೂ ಮೆಚ್ಚಲಿಲ್ಲ. ಆತನದು ಯೂರೋಪಿನ ಎಣ್ಣೆಬಣ್ಣ, ಯೂರೋಪಿನ ನೆರಳುಬೆಳಕು. ಆತನ ದೇವತೆಗಳಿಗೆ ತೂಕವಿದೆ, ನೆರಳಿದೆ. ಸೋದರಿ ನಿವೇದಿತೆ, ಆನಂದ ಕುಮಾರಸ್ವಾಮಿ ಮೊದಲಾದವರು ಇದರಲ್ಲಿ ನಾಟಕದ ರಂಗಸಜ್ಜಿಕೆಯನ್ನು ಕಂಡರು; ಭಾರತದ ಆತ್ಮವನ್ನು ಕಾಣಲಿಲ್ಲ. ಅಜಂತೆಯ ಕಡೆಗೆ, ಮೊಗಲರ ಮತ್ತು ರಾಜಪುತರ ಕಿರುಚಿತ್ರಗಳ ಕಡೆಗೆ ತಿರುಗಬೇಕೆಂದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರೂ ಅವರ ಶಿಷ್ಯರೂ ಆ ದಾರಿಯನ್ನು ಹಿಡಿದರು. ಈ ವಾದದ ಎರಡನೆಯ ಪಕ್ಷವೂ ನಮ್ಮ ಚಿತ್ರಶಾಲೆಗೆ ಬಂತು. ಅದನ್ನು ತಂದವರು ಜೇಮ್ಸ್ ಕಸಿನ್ಸ್.

ಕಸಿನ್ಸ್ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ 1873ರಲ್ಲಿ ಹುಟ್ಟಿದ ಕವಿ. ಆನಿ ಬೆಸೆಂಟರ ಕರೆಯ ಮೇಲೆ 1915ರಲ್ಲಿ ಭಾರತಕ್ಕೆ ಬಂದು, ಇಲ್ಲಿಯೇ ನಿಂತು, 1956ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ನಾಲ್ವಡಿಯವರ ಆಶ್ರಯದಲ್ಲಿ 1924ರಲ್ಲಿ, ಆಗಿನ ಹೊಸ ಭಾರತೀಯ ಚಿತ್ರಗಳ ಸಂಗ್ರಹವನ್ನು ಜಗನ್ಮೋಹನ ಅರಮನೆಯಲ್ಲಿ ವ್ಯವಸ್ಥೆಗೊಳಿಸಲು ನೆರವಾದರು. ಬಂಗಾಳದ ಕಲಾವಿದರ ಕೃತಿಗಳು ದಕ್ಷಿಣದವರ ಕಣ್ಣಿಗೆ ಬಿದ್ದದ್ದು ಇಂಥ ಪ್ರಯತ್ನಗಳಿಂದ. ಮುಂದೆ 1935ರಲ್ಲಿ ತಿರುವನಂತಪುರದ ‘ಶ್ರೀಚಿತ್ರಾಲಯ’ಕ್ಕೂ ಅವರು ಕೈಕೊಟ್ಟು ದುಡಿದರು.

ಇಲ್ಲಿ ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ಒಂದು ಸಂಗತಿಯಿದೆ. ಇದೇ ಕಸಿನ್ಸರನ್ನು ಇದೇ 1924ರಲ್ಲಿ ಮೈಸೂರಿನಲ್ಲಿ ಒಬ್ಬ ಯುವಕ ವಿದ್ಯಾರ್ಥಿ ಹೋಗಿ ಕಂಡನು. ತಾನು ಬರೆದ ಇಂಗ್ಲಿಷು ಪದ್ಯಗಳನ್ನು ತೋರಿಸಿದನು. ಕಸಿನ್ಸರು ಓದಿ, ನಿನ್ನ ಸ್ವಂತ ಭಾಷೆಯಲ್ಲಿ ಏಕೆ ಬರೆಯಬಾರದು ಎಂಬರ್ಥದ ಮಾತನ್ನಾಡಿದರು. ಆ ಯುವಕ ಯಾರೆಂದು ಹೇಳಬೇಕಾದುದಿಲ್ಲ. ಮುಂದೆ ಕುವೆಂಪು ಎಂದು ನಾಡು ಕರೆದದ್ದು ಅವರನ್ನೇ. ನಿನ್ನ ನುಡಿಯಲ್ಲಿ ಬರೆ ಎಂದು ಕವಿಗೆ ಹೇಳಿದ್ದನ್ನೇ ಕಸಿನ್ಸರು ಚಿತ್ರಗಾರರಿಗೆ ಈ ಸಂಗ್ರಹದ ಮೂಲಕ ಹೇಳಿದರೆಂದು ನಾನು ತಿಳಿಯುತ್ತೇನೆ. ಪರದೇಶದವನೊಬ್ಬನು ಬಂದು ನಮಗೆ ನಮ್ಮದನ್ನು ತೋರಿಸಬೇಕಾಯಿತಲ್ಲ ಎಂದು ನಾಚುವವರು ನಾಚಲಿ. ತೋರಿಸಿದಾಗ ನೋಡಿದೆವು ಎಂಬುದೂ ಸಣ್ಣ ಸಂಗತಿಯಲ್ಲ.

ಈ ಮಾತಿಗೆ ಮೈಸೂರಿನ ಉತ್ತರ ಕೆ. ವೆಂಕಟಪ್ಪನವರು. ಆಸ್ಥಾನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಮಹಾರಾಜರ ನೆರವಿನಿಂದ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥರ ಬಳಿ ಕಲಿತರು. ನಿವೇದಿತೆ ಮತ್ತು ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಪ್ರಕಟವಾದಾಗ ಅದರ ಚಿತ್ರಕಾರರಲ್ಲಿ ಅವರೂ ಒಬ್ಬರು. ಕಲ್ಕತ್ತೆಯಲ್ಲೇ ನಿಂತು ಹೆಸರು ಮಾಡಬಹುದಾಗಿತ್ತು, ಮೈಸೂರಿಗೆ ಹಿಂದಿರುಗಿದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು. ಬೆಟ್ಟಕ್ಕೆ ಹೋಗಿ ನೀಲಗಿರಿಯ ಮತ್ತು ಕೊಡೈಕಾನಲಿನ ಮಂಜನ್ನೂ ಮಳೆಯನ್ನೂ ನೀರುಬಣ್ಣದಲ್ಲಿ ಹಿಡಿದರು. ಚಿನ್ನದ ರೇಕಿನ ಮನೆತನದಲ್ಲಿ ಹುಟ್ಟಿದವರು ಮಂಜಿನ ತೆರೆಯನ್ನು ಬರೆದರು! 1965ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡ ಮೇಲೆ, ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅವರ ಹೆಸರಿನ ಚಿತ್ರಶಾಲೆ ಸರ್ಕಾರದಿಂದ ಸ್ಥಾಪಿತವಾಯಿತು.

ಹೀಗೆ ಒಂದೇ ಕಟ್ಟಡದಲ್ಲಿ ಮೂರು ಮತಗಳು ನೆರೆಮನೆಯವರಂತೆ ವಾಸವಾಗಿವೆ. ನೆರಳಿಲ್ಲದ ದೇವತೆಗಳ ಮೈಸೂರು ಸಂಪ್ರದಾಯ. ನೆರಳುಳ್ಳ ದೇವತೆಗಳ ರವಿವರ್ಮನ ಸಂಪ್ರದಾಯ. ಇವೆರಡನ್ನೂ ಬಿಟ್ಟು ಮಂದವಾದ ಬಣ್ಣಗಳಲ್ಲಿ ಕನಸನ್ನು ಅರಸಿದ ಬಂಗಾಳದ ಸಂಪ್ರದಾಯ. ಪುಸ್ತಕದಲ್ಲಿ ಓದಿದರೆ ಇವು ಒಂದನ್ನೊಂದು ಖಂಡಿಸುವ ವಾದಗಳು. ಚಿತ್ರಶಾಲೆಯಲ್ಲಿ ಮೆಟ್ಟಿಲು ಹತ್ತುತ್ತ ನೋಡಿದರೆ, ನಮ್ಮ ಹಿರಿಯರು ಸುಮಾರು ನೂರು ವರ್ಷಗಳ ಕಾಲ ತಮ್ಮನ್ನೇ ಕೇಳಿಕೊಂಡ ಒಂದು ಪ್ರಶ್ನೆಗೆ ಮೂರು ಪ್ರಾಮಾಣಿಕವಾದ ಉತ್ತರಗಳು. ಹೊರಗಿನಿಂದ ಬಂದದ್ದರಲ್ಲಿ ಎಷ್ಟನ್ನು ಕೊಳ್ಳಬೇಕು, ಮನೆಯದರಲ್ಲಿ ಎಷ್ಟನ್ನು ಉಳಿಸಬೇಕು ಎಂಬುದೇ ಆ ಪ್ರಶ್ನೆ. ಭಾಷೆಯ ವಿಷಯದಲ್ಲಿ, ಶಿಕ್ಷಣದ ವಿಷಯದಲ್ಲಿ, ಉಡುಗೆಯ ವಿಷಯದಲ್ಲಿ ನಾವು ಇಂದಿಗೂ ಕೇಳಿಕೊಳ್ಳುತ್ತಿರುವುದು ಇದನ್ನೇ ಅಲ್ಲವೆ?

ಈಗ ದೀಪದ ಚಿತ್ರಕ್ಕೆ ಬರುತ್ತೇನೆ. ಸಾವಳಾರಾಮ ಲಕ್ಷ್ಮಣ ಹಳದಣಕರರು 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರು. ದೀಪಾವಳಿಯ ಸಮಯದಲ್ಲಿ ತಮ್ಮ ಮಗಳು ದೀಪ ಹಿಡಿದು ನಿಂತದ್ದನ್ನು ಕಂಡು ಈ ಚಿತ್ರವನ್ನು ಬರೆದರೆಂದು ಆ ಮಗಳೇ ಮುಂದೆ ಹೇಳಿದ್ದುಂಟು. ಆಕೆ ನೂರೆರಡು ವರ್ಷ ಬಾಳಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಚಿತ್ರದ ಹೆಸರು ‘ಗ್ಲೋ ಆಫ್ ಹೋಪ್’; ಭರವಸೆಯ ಬೆಳಕು ಎನ್ನೋಣ.

ಎಣ್ಣೆಬಣ್ಣದಲ್ಲಿ ಬೆಳಕನ್ನು ಕೊನೆಗೆ ಮೇಲಿನಿಂದ ಹಚ್ಚಬಹುದು. ತಪ್ಪಾದರೆ ಕೆರೆದು ತಿದ್ದಬಹುದು. ನೀರುಬಣ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಅದನ್ನು ಮೊದಲಿನಿಂದಲೂ ಬಿಟ್ಟುಕೊಂಡು, ಸುತ್ತಲೂ ಕತ್ತಲೆಯನ್ನು ತುಂಬುತ್ತ ಬರಬೇಕು. ಅಂಗೈಯನ್ನು ದೀಪಕ್ಕೆ ಮರೆಯೊಡ್ಡಿದಾಗ ಬೆರಳುಗಳ ಸಂದಿನಲ್ಲಿ ಹೊಮ್ಮುವ ಕೆಂಪು ಬಣ್ಣ ಒಂದು ಹನಿ ನೀರು ಹೆಚ್ಚಾಗಿದ್ದರೆ ಹಾಳಾಗುತ್ತಿತ್ತು. ನನ್ನ ವಿದ್ಯಾರ್ಥಿಯ ತಂದೆ ಮಗನಿಗೆ ತೋರಿಸಿದ್ದು ಈ ಕಷ್ಟವನ್ನೇ. ನಾನೊಂದು ಸುಲಭವಾದ ಹೆಸರನ್ನು ಹಿಡಿದು ಆ ಕಷ್ಟವನ್ನು ದಾಟಿ ಹೋಗಿದ್ದೆ. ಮೈಸೂರಿನ ಚಿತ್ರಗಾರನು ದೇವತೆಯನ್ನೇ ಬೆಳಕಾಗಿಸಿದನು ಎಂದು ಆಗಲೇ ಹೇಳಿದೆನಷ್ಟೆ. ಇಲ್ಲಿ ಮನೆಯ ಮಗಳೊಬ್ಬಳು ಕೈಯಲ್ಲಿ ಬೆಳಕನ್ನು ಹಿಡಿದು ಕಾಪಾಡುತ್ತಿದ್ದಾಳೆ. ಒಂದು ಶತಮಾನದಲ್ಲಿ ನಮ್ಮ ಕಣ್ಣು ನಡೆದ ದೂರವೆಲ್ಲ ಈ ಎರಡರ ನಡುವೆ ಇದೆ.

ಸ್ವಾತಂತ್ರ್ಯಾನಂತರ ಸಂಸ್ಥಾನಗಳು ಹೋದವು. 1955ರಲ್ಲಿ ಈ ಸಂಸ್ಥೆಗೆ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆ ಎಂಬ ಹೆಸರಾಯಿತು. ವಿಶ್ವಸ್ತ ಸಂಸ್ಥೆಯೊಂದು ಅದರ ಭಾರವನ್ನು ಹೊತ್ತಿತು. ಮುಂದೆ ನಿಕೊಲಾಸ್ ಮತ್ತು ಸ್ವೆತೊಸ್ಲಾವ್ ರೋರಿಕ್‌ರ ಹಿಮಾಲಯದ ಬಣ್ಣಗಳೂ ಇಲ್ಲಿಯ ಗೋಡೆಗಳನ್ನು ಅಲಂಕರಿಸಿದವು. ವಾದ್ಯಗಳು, ಪೀಠೋಪಕರಣಗಳು, ಪುಟ್ಟ ಸಿಪಾಯಿಗಳು ಕವಾಯತು ಮಾಡುವ ಫ್ರೆಂಚ್ ಗಡಿಯಾರ, ಅಕ್ಕಿಯ ಕಾಳಿನ ಮೇಲಿನ ಚಿತ್ರ ಇವೆಲ್ಲ ಮಕ್ಕಳಿಗೆ ಅಚ್ಚುಮೆಚ್ಚು. ಮಕ್ಕಳು ಗಡಿಯಾರಕ್ಕಾಗಿ ಬಂದು ಚಿತ್ರದ ಕಡೆಗೂ ಒಮ್ಮೆ ಹೊರಳಿ ನೋಡಿದರೆ ನಷ್ಟವೇನೂ ಇಲ್ಲ.

ಇಷ್ಟನ್ನು ಕೇಳಿದ ಮೇಲೆ ಒಬ್ಬ ಬುದ್ಧಿವಂತ ಶ್ರೋತೃ ಹೀಗೆ ಕೇಳಬಹುದು: “ಸ್ವಾಮಿ, ಈ ಚಿತ್ರಗಳೆಲ್ಲ ಈಗ ಅಂಗೈಯಗಲದ ಮೊಬೈಲಿನಲ್ಲಿ ಸಿಗುತ್ತವೆ. ಬೇಕಾದಷ್ಟು ದೊಡ್ಡದು ಮಾಡಿ ನೋಡಬಹುದು. ಟಿಕೇಟು ಕೊಂಡು, ಮೆಟ್ಟಿಲು ಹತ್ತಿ, ನೂಕುನುಗ್ಗಲಿನಲ್ಲಿ ನಿಂತು ನೋಡುವುದರಿಂದ ಏನು ಲಾಭ?” ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನನ್ನ ಉತ್ತರವನ್ನು ತರ್ಕದಿಂದ ಕೊಡುವುದಕ್ಕಿಂತ ಅನುಭವದಿಂದ ಕೊಡುವುದು ಮೇಲು.

ನಾನು ಆಗ ಕೆಲಸಮಾಡುತ್ತಿದ್ದ ಒಂದು ವಿದ್ಯಾಸಂಸ್ಥೆಯಲ್ಲಿ, ತರಗತಿಯನ್ನು ಚಿತ್ರಶಾಲೆಗೆ ಕರೆದುಕೊಂಡು ಹೋಗಲು ಅನುಮತಿ ಕೇಳಿದೆ. ಪಠ್ಯದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ, ಆದುದರಿಂದ ಪಾಠದ ಹೊತ್ತನ್ನು ಕಳೆಯಕೂಡದು ಎಂದು ಉತ್ತರ ಬಂತು. ರಜದ ದಿನ ಹೋದೆವು. ಬಂದವರು ಹದಿನಾಲ್ಕು ಮಂದಿ. ಒಬ್ಬೊಬ್ಬರೂ ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು, ಫೋನನ್ನು ಚೀಲದಲ್ಲಿಟ್ಟು, ಅದರ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಕಂಡದ್ದನ್ನು ಒಂದು ಪುಟದಲ್ಲಿ ಬರೆಯಬೇಕು. ಇಷ್ಟೇ ನಿಯಮ. ಮೊದಲ ಐದು ನಿಮಿಷ ಎಲ್ಲರಿಗೂ ಬೇಸರ. ಹತ್ತು ನಿಮಿಷಕ್ಕೆ ಕಾಲು ಬದಲಾಯಿಸಿದರು. ಆಮೇಲೆ ಸದ್ದಡಗಿತು. ಗಾಯಕಿಯರ ಚಿತ್ರವನ್ನು ಆರಿಸಿಕೊಂಡ ಹುಡುಗಿಯೊಬ್ಬಳು ಹನ್ನೊಂದು ಮಂದಿಯನ್ನೂ ಎಣಿಸಿ, ಉಡುಗೆಗಳನ್ನು ವರ್ಣಿಸಿ, ಕೊನೆಯಲ್ಲಿ, “ಇವರು ಹಾಡು ಮುಗಿದ ಮೇಲೆ ಯಾವ ಭಾಷೆಯಲ್ಲಿ ಮಾತಾಡಿಕೊಂಡಿರಬಹುದು?” ಎಂದು ಬರೆದಿದ್ದಳು. ಭಾರತದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾನು ಕಂಡದ್ದಿಲ್ಲ.

ಇದೇ ಆ ಶ್ರೋತೃವಿಗೆ ನನ್ನ ಉತ್ತರ. ಮೊಬೈಲಿನ ಚಿತ್ರವನ್ನು ನಾವು ಸರಿಸುತ್ತೇವೆ. ಗೋಡೆಯ ಚಿತ್ರ ನಮ್ಮನ್ನು ನಿಲ್ಲಿಸುತ್ತದೆ. ಚಿನ್ನದ ರೇಕು ನಾವು ತಲೆಯಾಡಿಸಿದಂತೆ ಮಿನುಗುವುದು, ಉಬ್ಬುಗೆಲಸದ ತೆಳ್ಳನೆಯ ಅಂಚು, ನೀರುಬಣ್ಣದ ಕೆಳಗಿನ ಕಾಗದದ ಹದ ಇವು ಗಾಜಿನ ಮೇಲೆ ಬರುವುವಲ್ಲ. ಅದಕ್ಕಿಂತ ಮುಖ್ಯವಾದದ್ದು, ಮೂಲದ ಮುಂದೆ ನಿಂತವನು ಕೇಳಿದ ಮಾತನ್ನು ಕಂಡದ್ದರೊಡನೆ ತಾಳೆನೋಡುವುದನ್ನು ಕಲಿಯುತ್ತಾನೆ. ಸುದ್ದಿಗೆ ಬರವಿಲ್ಲದ ಈ ಕಾಲದಲ್ಲಿ ಇದಕ್ಕಿಂತ ಬೇಕಾದ ವಿದ್ಯೆ ಯಾವುದು? ಆ ಬೋರ್ಡು ಬರೆಯುವವರ ಮಗನಿಗೆ ಆ ವಿದ್ಯೆ ಬಾಲ್ಯದಲ್ಲಿ ದೊರಕಿತ್ತು. ಅವನ ಅಧ್ಯಾಪಕನಿಗೆ ತಡವಾಗಿ ದೊರಕಿತು.

ಆದರೆ ಈ ಪಾಠಶಾಲೆ ಶಾಶ್ವತವೆಂದು ತಿಳಿಯಬಾರದು. ಚಿತ್ರಗಳಿಗೆ ಶತ್ರುಗಳು ಅನೇಕ. ಮಳೆಗಾಲದ ತೇವದಿಂದ ಬೂಷ್ಟು, ಚೌಕಟ್ಟಿಗೆ ಹುಳು, ಧೂಳು. ಎಲ್ಲಕ್ಕಿಂತ ಮೋಸದ ಶತ್ರು ಬೆಳಕು. ನೀರುಬಣ್ಣವನ್ನು ಬೆಳಕು ದಿನದಿನವೂ ಸ್ವಲ್ಪಸ್ವಲ್ಪವಾಗಿ ತಿನ್ನುತ್ತದೆ. ಒಮ್ಮೆ ಹೋದ ಬಣ್ಣವನ್ನು ಯಾರೂ ಹಿಂದಕ್ಕೆ ತರಲಾರರು. ದೀಪದ ಚಿತ್ರವನ್ನು ಕತ್ತಲೆಯಲ್ಲಿಟ್ಟು ತೋರಿಸುವುದು ಕೇವಲ ಚಮತ್ಕಾರವೆಂದು ನಾನು ಬಹುಕಾಲ ಭಾವಿಸಿದ್ದೆ. ಆ ಕತ್ತಲೆಯೇ ಅದಕ್ಕೆ ರಕ್ಷೆಯೆಂಬುದು ಆಮೇಲೆ ತಿಳಿಯಿತು. ಇಂಥ ರಕ್ಷಣೆಗೆ ಹಣ ಬೇಕು, ಪರಿಣತರು ಬೇಕು. ಇವೆರಡನ್ನೂ ಒದಗಿಸುವ ಮನಸ್ಸು ಬರುವುದು ಜನ ಬಂದು ನೋಡುತ್ತಿದ್ದರೆ ಮಾತ್ರ.

ಜನರ ಮಮತೆಗೆ ಎಷ್ಟು ಬಲವಿದೆ ಎಂಬುದಕ್ಕೆ ಬೆಂಗಳೂರಿನ ಉದಾಹರಣೆಯಿದೆ. ವೆಂಕಟಪ್ಪನವರ ಹೆಸರಿನ ಆ ಚಿತ್ರಶಾಲೆಯನ್ನು ಒಂದು ಖಾಸಗಿ ಪ್ರತಿಷ್ಠಾನದ ಕೈಗೆ ಕೊಡಲು 2015ರಲ್ಲಿ ಒಪ್ಪಂದವಾದಾಗ, ಮರುವರ್ಷ ಕಲಾವಿದರು ಅದರ ಮುಂದೆ ಸೇರಿ, ಇದು ನಮ್ಮ ಮನೆ ಎಂದು ಸಾರಿದರು. ಆ ಯೋಜನೆ ನಿಂತಿತು. ಖಾಸಗಿಯವರ ನೆರವು ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಈಗ ಹೋಗುವುದಿಲ್ಲ. ಎರಡು ಪಕ್ಷದಲ್ಲೂ ವಿವೇಕಿಗಳಿದ್ದರು. ನನಗೆ ಮುಖ್ಯವಾಗಿ ತೋರುವುದು ಇಷ್ಟೆ: ಒಂದು ಚಿತ್ರಶಾಲೆಗಾಗಿ ಬೀದಿಗಿಳಿಯುವ ಜನ ನಮ್ಮ ನಾಡಿನಲ್ಲಿದ್ದಾರೆ. ಹಾಗೆ ಬಂದವರು ಅಲ್ಲಿ ಮೊದಲೇ ಹತ್ತಾರು ದಿನ ಕಳೆದವರು, ಬರೆದವರು, ಕಲಿತವರು. ಮಿಕ್ಕ ಹೊತ್ತಿನಲ್ಲಿ ನೋಡಿದವನು ಚಿತ್ರಶಾಲೆಗಾಗಿ ಎಂದೂ ಜಗಳವಾಡುವುದಿಲ್ಲ.

ಮೈಸೂರಿನವರಾದ ನಾವು ಏನು ಮಾಡಬಹುದು? ಹೆಚ್ಚಿನದೇನೂ ಬೇಡ. ವರ್ಷಕ್ಕೊಂದು ಸಲ, ನೆ೦ಟರಿಲ್ಲದ ದಿನ, ಮನೆಯ ಒಂದು ಮಗುವಿನ ಕೈ ಹಿಡಿದು ಅಲ್ಲಿಗೆ ಹೋಗೋಣ. ಎಲ್ಲವನ್ನೂ ನೋಡುವ ಆಸೆ ಬೇಡ. ಒಂದು ಚಿತ್ರ ಸಾಕು. ಅದರ ಕೆಳಗೆ ಬರೆದಿರುವ ಹೆಸರನ್ನು ಓದೋಣ. ಆ ಹೆಸರಿನವನು ಎಲ್ಲಿ ಹುಟ್ಟಿದನು, ಯಾರಲ್ಲಿ ಕಲಿತನು ಎಂದು ಮಗುವಿಗೆ ಹೇಳೋಣ. ತಿಳಿಯದಿದ್ದರೆ ಇಬ್ಬರೂ ಸೇರಿ ತಿಳಿದುಕೊಳ್ಳೋಣ.

ಮೊನ್ನೆ ಮತ್ತೆ ಹೋಗಿದ್ದೆ. ದೀಪದ ಚಿತ್ರದ ಮುಂದೆ ಎಂದಿನಂತೆ ಗುಂಪು. ಒಬ್ಬ ತಾಯಿ ಮಗನಿಗೆ, “ನೋಡು ಮಗು, ರವಿವರ್ಮ ಬರೆದದ್ದು” ಎನ್ನುತ್ತಿದ್ದಳು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದೆ. ನನ್ನ ವಿದ್ಯಾರ್ಥಿ ನನಗೆ ಹೇಳಿದ ಮಾತು ನೆನಪಿಗೆ ಬಂತು. “ತಪ್ಪು ತಿಳಿಯಬೇಡಿ, ತಾಯಿ. ಇದನ್ನು ಬರೆದವರು ಹಳದಣಕರ್. ದೀಪ ಹಿಡಿದಿರುವಾಕೆ ಅವರ ಮಗಳು” ಎಂದೆ. ಆಕೆ ತಿರುಗಿ ನೋಡಿದರು, ಮತ್ತೆ ಚಿತ್ರದ ಕಡೆಗೆ ತಿರುಗಿದರು. ಹುಡುಗ ಗಾಜಿನ ಹತ್ತಿರ ಹೋಗಿ ಆ ಕೈಬೆರಳುಗಳನ್ನೇ ನೋಡುತ್ತ ನಿಂತ. ಅವರು ಹೊರಡುವುದು ತಡವಾಯಿತು.